ಮಧ್ಯಾಹ್ನ ಹನ್ನೆರಡರ ಹಾಡು

ನವೆಂಬರ್ ತಿಂಗಳ ನಾಲ್ಕನೇ ಗುರುವಾರ. ಕನೆಕ್ಟಿಕಟ್ ರಾಜ್ಯದ ಹೆದ್ದಾರಿಯಲ್ಲಿ, ಕಾರಿನ ಹಿಂದಿನ ಸೀಟಿನಲ್ಲಿ ಕುಳಿತಿದ್ದೆ. ಇಕ್ಕೆಲದ ಮರಗಳೆಲ್ಲ ಎಲೆ ಉದುರಿಸಿ ಬೋಳಾಗಿ ನಿಂತಿದ್ದವು. ಅಕ್ಕನ ಮಗ ಕಾರು ಓಡಿಸುತ್ತಿದ್ದ. ಬಾಸ್ಟನ್ನಿನ ಹತ್ತಿರ ಅವನ ಸ್ನೇಹಿತರ ಮನೆಯಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದೂಟ. ಡಿಕ್ಕಿಯಲ್ಲಿ ಟವೆಲ್ ಸುತ್ತಿಟ್ಟ ಬಿಸಿಬೇಳೆಬಾತಿನ ಪಾತ್ರೆ. ಹನ್ನೆರಡಕ್ಕೆ ಒಂದೆರಡು ನಿಮಿಷ ಬಾಕಿ ಇರುವಾಗ ಅವನು ಫೋನಿನಿಂದ ಬರುತ್ತಿದ್ದ ಹಾಡು ನಿಲ್ಲಿಸಿ ರೇಡಿಯೊ ಹಾಕಿದ. “ಚಿಕ್ಕಮ್ಮ, ಈಗ ಒಂದು ಹಾಡು ಬರತ್ತೆ. ಹದಿನೆಂಟು ನಿಮಿಷ. ನಡುವೆ ಮಾತಾಡಬೇಡಿ” ಎಂದ.

ಗಿಟಾರ್ ಶುರುವಾಯಿತು. ಬೆರಳಲ್ಲಿ ಮೀಟುವ ಒಂದು ಸರಳ ವರಸೆ, ಅದೇ ಸುತ್ತಿ ಸುತ್ತಿ ಬರುತ್ತಿತ್ತು. ಅದರ ಮೇಲೆ ಒಬ್ಬ ಹುಡುಗನ ದನಿ. ಹಾಡುತ್ತಿದ್ದುದು ಕಡಿಮೆ, ಮಾತಾಡುತ್ತಿದ್ದುದೇ ಹೆಚ್ಚು. ಎಂಟು ನಿಮಿಷ ಕಳೆಯುವಷ್ಟರಲ್ಲಿ ನಾವು ಆ ಸ್ಟೇಷನ್ನಿನ ವ್ಯಾಪ್ತಿ ದಾಟಿದೆವು. ಕರಕರ ಸದ್ದು ಮಾತನ್ನು ನುಂಗಿತು. ಅವನು ಒಂದು ಕೈಯಲ್ಲೇ ಸ್ಟೇಷನ್ ತಿರುಗಿಸುತ್ತಾ ಹೋದ. ಇನ್ನೊಂದು ಊರಿನ ಇನ್ನೊಂದು ಸ್ಟೇಷನ್ ಸಿಕ್ಕಿತು. ಅಲ್ಲೂ ಅದೇ ಹಾಡು. ಅವರು ತುಸು ತಡವಾಗಿ ಹಾಕಿದ್ದರೇನೋ, ಕಥೆ ನಾಲ್ಕು ನಿಮಿಷ ಹಿಂದಿತ್ತು. ಹಾಡಿನ ಕಥೆಯ ಹುಡುಗರು ಮತ್ತೆ ಕಸ ತುಂಬಿಕೊಂಡು ಹೊರಟಿದ್ದರು. ಇಬ್ಬರು ಅಪರಿಚಿತರು, ಎರಡು ಊರುಗಳಲ್ಲಿ, ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಒಂದೇ ಹೊತ್ತಿಗೆ ಒಂದೇ ತಟ್ಟೆಯ ಮೇಲೆ ಮುಳ್ಳು ಇಟ್ಟಿದ್ದರು. ಆವತ್ತು ಹಾಡಿಗಿಂತ ಹೆಚ್ಚಾಗಿ ನನ್ನನ್ನು ಹಿಡಿದದ್ದು ಇದು.

ಹಾಡು ಆರ್ಲೊ ಗಥ್ರಿ ಅವರ ‘ಆಲಿಸಸ್ ರೆಸ್ಟೋರೆಂಟ್ ಮ್ಯಾಸಕ್ರೀ’. 1967ರಲ್ಲಿ ಬಂದ ಧ್ವನಿಮುದ್ರಿಕೆ. 18 ನಿಮಿಷ 34 ಸೆಕೆಂಡು. ನ್ಯೂಯಾರ್ಕ್, ಫಿಲಡೆಲ್ಫಿಯಾ, ಶಿಕಾಗೋ ಸೇರಿದಂತೆ ಅಮೆರಿಕದ ಎಷ್ಟೋ ಊರುಗಳ ಸ್ಟೇಷನ್‌ಗಳು ಥ್ಯಾಂಕ್ಸ್‌ಗಿವಿಂಗ್ ದಿನ ಇದನ್ನು ಹಾಕುತ್ತವೆ, ಬಹಳ ಕಡೆ ಸರಿಯಾಗಿ ಮಧ್ಯಾಹ್ನ ಹನ್ನೆರಡಕ್ಕೆ. ಅಮೆರಿಕದಲ್ಲಿ ಹನ್ನೆರಡು ಗಂಟೆ ಎಲ್ಲ ಕಡೆಯೂ ಒಟ್ಟಿಗೆ ಆಗುವುದಿಲ್ಲ. ಪೂರ್ವದ ಊರುಗಳಲ್ಲಿ ಹಾಡು ಮುಗಿದು ಜನ ಊಟಕ್ಕೆ ಅಣಿಯಾಗುವ ಹೊತ್ತಿಗೆ ಶಿಕಾಗೋದಲ್ಲಿ ಶುರುವಾಗುತ್ತದೆ. ಸೂರ್ಯನ ಹಿಂದೆಯೇ ಹಾಡೂ ಪಶ್ಚಿಮಕ್ಕೆ ನಡೆಯುತ್ತದೆ.

ಹಾಡಿನ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮ್ಯಾಸಚೂಸೆಟ್ಸ್ ರಾಜ್ಯದ ಸ್ಟಾಕ್‌ಬ್ರಿಜ್ ಎಂಬ ಪುಟ್ಟ ಊರಿನ ಶಾಲೆಯೊಂದರಲ್ಲಿ ಆಲಿಸ್ ಬ್ರಾಕ್ ಗ್ರಂಥಪಾಲಕಿ, ಅವರ ಗಂಡ ರೇ ಮರಗೆಲಸ ಕಲಿಸುವ ಮೇಷ್ಟ್ರು. ಆರ್ಲೊ ಅಲ್ಲಿ ಓದಿದ ಹುಡುಗ. ಈ ದಂಪತಿ ಹತ್ತಿರದ ಗ್ರೇಟ್ ಬ್ಯಾರಿಂಗ್ಟನ್ನಿನಲ್ಲಿ, ಪೂಜೆ ನಿಂತುಹೋಗಿದ್ದ ಹಳೆಯ ಚರ್ಚೊಂದರಲ್ಲಿ ವಾಸವಾಗಿದ್ದರು. ಮನೆ ಬಿಟ್ಟ, ಮನೆ ಒಗ್ಗದ ಹುಡುಗ ಹುಡುಗಿಯರಿಗೆಲ್ಲ ಆ ಚರ್ಚಿನ ಬಾಗಿಲು ತೆರೆದೇ ಇರುತ್ತಿತ್ತು. 1965ರ ಥ್ಯಾಂಕ್ಸ್‌ಗಿವಿಂಗ್ ದಿನ, ನವೆಂಬರ್ 25ರಂದು, ಆಲಿಸ್ ಎಲ್ಲರಿಗೂ ಅಡುಗೆ ಮಾಡಿದರು. ಉಪಕಾರಕ್ಕೆ ಪ್ರತಿಯಾಗಿ ಹದಿನೆಂಟರ ಆರ್ಲೊ ಮತ್ತು ಅವರ ಗೆಳೆಯ ಚರ್ಚಿನಲ್ಲಿ ಬಹಳ ದಿನದಿಂದ ಬಿದ್ದಿದ್ದ ಕಸವನ್ನು ವ್ಯಾನಿಗೆ ತುಂಬಿ ಎಸೆದು ಬರಲು ಹೊರಟರು. ಹಬ್ಬದ ದಿನವಾದ್ದರಿಂದ ಊರಿನ ಕಸ ಹಾಕುವ ಜಾಗಕ್ಕೆ ಬೀಗ. ಒಂದು ಇಳಿಜಾರಿನಲ್ಲಿ ಆಗಲೇ ಯಾರೋ ಕಸ ಸುರಿದಿದ್ದರು. ಅದರ ಮೇಲೆ ಇವರದ್ದನ್ನೂ ಸುರಿದು ಬಂದರು. ಪೊಲೀಸ್ ಮುಖ್ಯಸ್ಥ ವಿಲಿಯಂ ಓಬನ್‌ಹೈನ್ ಕಸದ ರಾಶಿಯಲ್ಲಿ ಸಿಕ್ಕ ಕಾಗದದ ಜಾಡು ಹಿಡಿದು ಇಬ್ಬರನ್ನೂ ಬಂಧಿಸಿದರು. ಜಾಮೀನು ಕಟ್ಟಿ ಬಿಡಿಸಿದ್ದೂ ಆಲಿಸ್. ಹಾಡಿನ ಪ್ರಕಾರ ಪೊಲೀಸರು ಸಾಕ್ಷ್ಯಕ್ಕೆಂದು 27 ಬಣ್ಣದ ಛಾಯಾಚಿತ್ರಗಳನ್ನು ತೆಗೆದು, ಒಂದೊಂದಕ್ಕೂ ವಿವರಣೆ ಬರೆದು ನ್ಯಾಯಾಲಯಕ್ಕೆ ತಂದರು. ನ್ಯಾಯಾಧೀಶ ಜೇಮ್ಸ್ ಹ್ಯಾನನ್ ದಾರಿ ತೋರುವ ನಾಯಿಯೊಂದಿಗೆ ಒಳಗೆ ಬಂದರು. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಇದು ಹಾಡಿಗಾಗಿ ಕಟ್ಟಿದ್ದಲ್ಲ, ನಿಜಕ್ಕೂ ಹಾಗೇ ಇತ್ತು. ಇಬ್ಬರಿಗೂ ದಂಡ ಬಿತ್ತು, ಸುರಿದ ಕಸ ತೆಗೆಯುವ ಆಜ್ಞೆಯೂ ಆಯಿತು.

ಇಷ್ಟರಲ್ಲಿ ಹಾಡು ಅರ್ಧ ಮುಗಿದಿರುತ್ತದೆ. ತಾನು ಹೇಳಲು ಬಂದದ್ದು ಇದಲ್ಲ ಎಂದು ಆಗ ಗಾಯಕ ಹೇಳುತ್ತಾರೆ. ಕಥೆ ನ್ಯೂಯಾರ್ಕಿನ ವೈಟ್‌ಹಾಲ್ ಬೀದಿಯ ಕಡ್ಡಾಯ ಸೇನಾ ಭರ್ತಿ ಕಚೇರಿಗೆ ಹೊರಳುತ್ತದೆ. ವಿಯೆಟ್ನಾಂ ಯುದ್ಧಕ್ಕೆ ಕರೆ ಬಂದಿದೆ. ತೂಕ, ಎತ್ತರ, ರಕ್ತ, ಮನಸ್ಸು ಎಲ್ಲದರ ತಪಾಸಣೆ ಆದ ಮೇಲೆ, ಎಂದಾದರೂ ಬಂಧನವಾಗಿತ್ತೇ ಎಂಬ ಪ್ರಶ್ನೆ. ಆಗಿತ್ತು, ಕಸ ಎಸೆದದ್ದಕ್ಕೆ. ಹಾಗಾದರೆ ನಿನ್ನ ನಡತೆ ಸುಧಾರಿಸಿದೆಯೇ? ಊರು ಸುಡಲು, ಹೆಂಗಸರು ಮಕ್ಕಳನ್ನು ಕೊಲ್ಲಲು ಕಳಿಸುವವರು ಅದಕ್ಕೆ ತಕ್ಕಷ್ಟು ಶೀಲ ನನಗಿದೆಯೇ ಎಂದು ಕಸದ ನೆಪದಲ್ಲಿ ಕೇಳುತ್ತಿದ್ದಾರಲ್ಲ ಎಂಬ ಬೆರಗಿನಲ್ಲಿ ಹಾಡು ತನ್ನ ತುದಿ ಮುಟ್ಟುತ್ತದೆ. ಅಷ್ಟು ಹೊತ್ತು ನಕ್ಕವರ ನಗು ಅಲ್ಲಿ ಗಂಟಲಲ್ಲೇ ನಿಲ್ಲುತ್ತದೆ.

ನಮ್ಮ ಹರಿಕಥೆ ಕೇಳಿ ಬೆಳೆದವರಿಗೆ ಈ ಬಂಧ ಹೊಸದೇನಲ್ಲ. ದಾಸರು ಪೀಠಿಕೆಗೆ ಒಂದು ಪದ ಎತ್ತಿ, ಅದನ್ನು ಅಲ್ಲೇ ಬಿಟ್ಟು, ಉಪಕಥೆಗೆ ಇಳಿದು, ಸಭೆಯನ್ನು ಚೆನ್ನಾಗಿ ನಗಿಸಿ, ಇನ್ನು ಮೂಲ ಕಥೆ ಮರೆತೇಹೋಯಿತು ಎನ್ನುವಾಗ ಥಟ್ಟನೆ ಅದೇ ಪದಕ್ಕೆ ತಂದು ನಿಲ್ಲಿಸುತ್ತಾರೆ. ಆರ್ಲೊ ಅವರಿಗೆ ಇದು ಬಂದದ್ದು ಬೇರೆ ದಾರಿಯಲ್ಲಿ. ಅವರ ತಂದೆ ವುಡಿ ಗಥ್ರಿ ವಾದ್ಯದ ಮೇಲೆ ಮಾತು ಹರಿಸುವ ‘ಟಾಕಿಂಗ್ ಬ್ಲೂಸ್’ ಪದ್ಧತಿಯಲ್ಲಿ ಕೈ ಪಳಗಿದವರು. ಮಗನ ಹಾಡು ತಟ್ಟೆಯಾಗಿ ಹೊರಬಂದ 1967ರ ಅಕ್ಟೋಬರಿನಲ್ಲೇ, ಬಹಳ ಕಾಲದ ಕಾಯಿಲೆಯಿಂದ ಅವರು ತೀರಿಕೊಂಡರು.

ಈಗ ನನ್ನ ವಾದಕ್ಕೆ ಬರುತ್ತೇನೆ. ಒಂದು ಹಾಡು ಹಬ್ಬದ ಭಾಗವಾಗುವುದಕ್ಕೆ ಅದರ ಗುಣ ಅರ್ಧ ಕಾರಣ. ಉಳಿದರ್ಧ ಹೊತ್ತು ಮತ್ತು ಊರು. ಈ ಉಳಿದರ್ಧವನ್ನು ಕೊಟ್ಟದ್ದು ಊರಿನ ರೇಡಿಯೊ. ಹಾಡು ಎಲ್ಲಿ ಬೇಕಾದರೂ ಸಿಗುವ ಈ ಕಾಲದಲ್ಲಿ ನಾವು ಕಳೆದುಕೊಳ್ಳುತ್ತಿರುವುದೂ ಇದನ್ನೇ.

ಹಾಡಿಗೆ ರೇಡಿಯೊದಲ್ಲಿ ಜಾಗ ಸಿಕ್ಕಿದ್ದು ಹೇಗೆಂದು ನೋಡಿದರೆ ಮಾತು ಸ್ಪಷ್ಟವಾಗುತ್ತದೆ. ಹಳೆಯ ತಟ್ಟೆಯ ಒಂದು ಮಗ್ಗುಲಿನಲ್ಲಿ ಮೂರು ಚಿಲ್ಲರೆ ನಿಮಿಷ ಮಾತ್ರ ಹಿಡಿಯುತ್ತಿದ್ದುದರಿಂದ ಜನಪ್ರಿಯ ಹಾಡುಗಳಿಗೆ ಆ ಅಳತೆಯೇ ರೂಢಿಯಾಯಿತು. ಜಾಹೀರಾತಿನ ಲೆಕ್ಕಕ್ಕೂ ಅದೇ ಹೊಂದುತ್ತಿತ್ತು. ಹದಿನೆಂಟು ನಿಮಿಷದ ಮಾತುಗತೆಗೆ ಅಲ್ಲಿ ಎಡೆಯೇ ಇರಲಿಲ್ಲ. ಆದರೆ ಎಎಂ ಕಾರ್ಯಕ್ರಮವನ್ನೇ ಎಫ್‌ಎಂನಲ್ಲೂ ದಿನವಿಡೀ ಬಿತ್ತರಿಸಬಾರದು ಎಂದು ದೊಡ್ಡ ಊರುಗಳ ಸ್ಟೇಷನ್‌ಗಳಿಗೆ ಸರ್ಕಾರ 1964ರಲ್ಲಿ ನಿಯಮ ಮಾಡಿತು. ಅದು ಜಾರಿಗೆ ಬರುವ ಹೊತ್ತಿಗೆ 1967. ಏಕಾಏಕಿ ಗಂಟೆಗಟ್ಟಲೆ ಹೊತ್ತು ಖಾಲಿ ಬಿತ್ತು. ತುಂಬುವುದಕ್ಕೆ ಬಂದ ತರುಣ ನಿರೂಪಕರು ತಮಗೆ ಇಷ್ಟವಾದ ಉದ್ದುದ್ದ ಹಾಡುಗಳನ್ನು ಹಾಕತೊಡಗಿದರು. ಗಥ್ರಿ ಹಾಡು ಆ ಹೊತ್ತಿಗೆ ನ್ಯೂಯಾರ್ಕಿನ ಗಾಳಿಗೆ ಬಂದಾಗಿತ್ತು. ಕೇಳುಗರ ದೇಣಿಗೆಯಿಂದಲೇ ನಡೆಯುವ ಡಬ್ಲ್ಯೂಬಿಎಐ ಸ್ಟೇಷನ್ನಿನಲ್ಲಿ ಬಾಬ್ ಫಾಸ್ ಎಂಬುವರು 1963ರಿಂದ ನಡುರಾತ್ರಿಯ ಕಾರ್ಯಕ್ರಮ ನಡೆಸುತ್ತಿದ್ದರು. ಆರ್ಲೊ ಅಲ್ಲಿ ಹಾಡಿದ್ದರ ಟೇಪನ್ನು, ತಟ್ಟೆ ಬರುವುದಕ್ಕೂ ಮುಂಚೆ, ಕೇಳುಗರು ಕೇಳಿ ಕೇಳಿ ಹಾಕಿಸಿಕೊಂಡರು. ಸ್ಟೇಷನ್ ಅದನ್ನೇ ಮುಂದಿಟ್ಟುಕೊಂಡು ದೇಣಿಗೆ ಎತ್ತಿತು. ಕಂಪನಿಯೊಂದರ ಪ್ರಚಾರ ವಿಭಾಗ ಈ ಹಾಡನ್ನು ಹುಟ್ಟಿಸಲಿಲ್ಲ. ನಿದ್ದೆ ಬಾರದ ಒಂದು ಊರಿನ ಕೇಳುಗರೂ ಅವರ ಜೊತೆ ಎಚ್ಚರವಿದ್ದ ಒಬ್ಬ ನಿರೂಪಕನೂ ಸೇರಿ ಅದನ್ನು ಸಾಕಿದರು.

ಆಮೇಲೆ ಅದು ಹಬ್ಬದ ಹಾಡಾಯಿತು. ಕಥೆ ನಡೆದದ್ದು ಥ್ಯಾಂಕ್ಸ್‌ಗಿವಿಂಗ್ ದಿನ ಎಂಬುದೊಂದೇ ಕಾರಣವೆಂದು ನನಗೆ ಅನ್ನಿಸುವುದಿಲ್ಲ. ಈ ಹಬ್ಬಕ್ಕೆ ತನ್ನದೇ ಎನ್ನುವ ಹಾಡು ಬಹಳ ಕಡಿಮೆ. ಲಿಂಕನ್ 1863ರಲ್ಲಿ ಘೋಷಣೆ ಹೊರಡಿಸಿದರು, 1941ರ ಕಾನೂನು ನಾಲ್ಕನೇ ಗುರುವಾರವನ್ನು ಖಾಯಂ ಮಾಡಿತು. ಆದರೆ ಹಾಡನ್ನು ಕಾನೂನಿನಿಂದ ತರಲಾಗುವುದಿಲ್ಲ. ಚರ್ಚುಗಳಲ್ಲಿ ಹಾಡುವ ಹಳೆಯ ಡಚ್ ಸ್ತೋತ್ರವೊಂದಿದೆ. ಲಿಡಿಯಾ ಮರಿಯಾ ಚೈಲ್ಡ್ 1844ರಲ್ಲಿ, ಹಬ್ಬಕ್ಕೆ ಹಿಮದಲ್ಲಿ ಗಾಡಿ ಕಟ್ಟಿಕೊಂಡು ಅಜ್ಜನ ಮನೆಗೆ ಹೋಗುವ ಸಂಭ್ರಮದ ಮೇಲೆ ಮಕ್ಕಳ ಪದ್ಯ ಬರೆದರು. ಅದನ್ನೂ ಜನ ಈಗ ಹಬ್ಬದ ಹೆಸರು ಬದಲಾಯಿಸಿ ಕ್ರಿಸ್‌ಮಸ್‌ಗೆ ಹಾಡುತ್ತಾರೆ. ಮರುದಿನ ಶುಕ್ರವಾರದ ಹೊತ್ತಿಗಂತೂ ಹತ್ತಾರು ಸ್ಟೇಷನ್‌ಗಳು ಇಪ್ಪತ್ನಾಲ್ಕು ಗಂಟೆಯೂ ಕ್ರಿಸ್‌ಮಸ್ ಹಾಡಿಗೆ ಹೊರಳುತ್ತವೆ. ಕೆಲವು ಇನ್ನೂ ಮುಂಚೆಯೇ. ಅಂಗಡಿ, ಜಾಹೀರಾತು, ಹಾಡು ಮೂರೂ ಒಂದೇ ತಾಳಕ್ಕೆ ಬೀಳುತ್ತವೆ. ನಡುವೆ ಉಳಿಯುವುದು ಒಂದೇ ಒಂದು ಮಧ್ಯಾಹ್ನ. ಮಾರುವುದಕ್ಕೆ ಏನೂ ಇಲ್ಲದ ಈ ಹಾಡು ಆ ಕಿಂಡಿಯಲ್ಲಿ ಹೊಕ್ಕು ಕೂತಿತು.

ಕೂತದ್ದು ಸರಿಯಾದ ಜಾಗದಲ್ಲೇ. ಸ್ಟಾಕ್‌ಬ್ರಿಜ್‌ನಲ್ಲಿ ಆಗ ಚಿತ್ರಕಾರ ನಾರ್ಮನ್ ರಾಕ್‌ವೆಲ್ ವಾಸವಾಗಿದ್ದರು. 1943ರಲ್ಲಿ ಪತ್ರಿಕೆಯಲ್ಲಿ ಅಚ್ಚಾದ ಅವರ ಚಿತ್ರದಲ್ಲಿ, ಬಿಳಿಯ ಮೇಜುಬಟ್ಟೆಯ ಸುತ್ತ ಮೂರು ತಲೆಮಾರು ಕೂತಿದೆ, ಅಜ್ಜಿ ದೊಡ್ಡ ಟರ್ಕಿಕೋಳಿಯ ತಟ್ಟೆ ಇಳಿಸುತ್ತಿದ್ದಾಳೆ. ಥ್ಯಾಂಕ್ಸ್‌ಗಿವಿಂಗ್ ಎಂದರೆ ಅಮೆರಿಕನ್ನರ ಕಣ್ಣಿಗೆ ಬರುವ ಚಿತ್ರ ಅದು. ಅದೇ ಸೀಮೆಯ ಪಾಳು ಚರ್ಚಿನಲ್ಲಿ ಆಲಿಸ್ ಬ್ರಾಕ್ ಹಾಕಿದ ಎಲೆಯಲ್ಲಿ ರಕ್ತಸಂಬಂಧದವರು ಇರಲಿಲ್ಲ. ಬಂದವರೆಲ್ಲ ನೆಂಟರೇ. ಪರದೇಶದಲ್ಲಿ ಮೊದಲ ಹಬ್ಬವನ್ನು ಪರರ ಮನೆಯಲ್ಲಿ ಉಂಡವರಿಗೆ ಈ ಎರಡನೆಯ ಬಗೆಯ ಊಟದ ಬೆಲೆ ಗೊತ್ತಿರುತ್ತದೆ. ಅಕ್ಕನ ಮಗನಿಗೆ ಈ ಹಾಡು ಪರಿಚಯವಾದದ್ದೂ ಹಾಗೇ. ಓದಲು ಹೋದ ವರ್ಷ ಹಾಸ್ಟೆಲ್ ಖಾಲಿಯಾದಾಗ ರೂಮ್‌ಮೇಟ್ ತನ್ನ ಮನೆಗೆ ಕರೆದೊಯ್ದ. ಹನ್ನೆರಡಕ್ಕೆ ಅವನ ತಂದೆ ಅಡುಗೆಮನೆಯ ರೇಡಿಯೊ ಜೋರು ಮಾಡಿದರು. ಆಲೂಗಡ್ಡೆ ಹಿಸುಕುತ್ತಿದ್ದ ತಾಯಿ ಸೌಟು ಹಿಡಿದೇ ನಿಂತರು. ಆ ಮನೆಯವರೆಲ್ಲರಿಗೂ ಮುಂದೇನು ಬರುತ್ತದೆಂದು ಗೊತ್ತಿತ್ತು, ಹೊಸಬ ಇವನೊಬ್ಬನೇ. ಎಲ್ಲರೂ ಇವನು ಯಾವಾಗ ನಗುತ್ತಾನೆಂದು ಇವನ ಮುಖವನ್ನೇ ನೋಡುತ್ತಿದ್ದರಂತೆ.

ಇದು ಎಪ್ಪತ್ತು ದಾಟಿದವರ ಹಳೆಯ ನೆನಪಿನ ಗೀಳು ಎನ್ನುವವರಿದ್ದಾರೆ. ಒಪ್ಪಲಾರೆ. 1965ರ ನವೆಂಬರ್ ಅಮೆರಿಕಕ್ಕೆ ನೆಮ್ಮದಿಯ ತಿಂಗಳಾಗಿರಲಿಲ್ಲ. ಅದೇ ವರ್ಷ ಜುಲೈನಲ್ಲಿ ಅಧ್ಯಕ್ಷ ಜಾನ್ಸನ್ ಸೇನಾ ಭರ್ತಿಯನ್ನು ತಿಂಗಳಿಗೆ 17,000ದಿಂದ 35,000ಕ್ಕೆ ಏರಿಸಿದ್ದರು. ಹಬ್ಬದ ಹಿಂದಿನ ವಾರವಷ್ಟೇ ಇಯಾ ಡ್ರಾಂಗ್ ಕಣಿವೆಯ ಕಾಳಗದಲ್ಲಿ ನೂರಾರು ಅಮೆರಿಕನ್ ಹುಡುಗರು ಸತ್ತಿದ್ದರು. ಯುದ್ಧ ಮುಗಿಯುವ ಹೊತ್ತಿಗೆ ಅವರ ಕಡೆಯೇ 58,000ಕ್ಕೂ ಹೆಚ್ಚು ಹೆಣಗಳು; ವಿಯೆಟ್ನಾಮಿನ ಸಾವು ಅದರ ಎಷ್ಟೋ ಪಟ್ಟು. ಕೃತಜ್ಞತೆಯ ಹಬ್ಬದ ದಿನ, ಹೊಟ್ಟೆ ತುಂಬಿದವರ ಕಿವಿಗೆ ಭರ್ತಿ ಕಚೇರಿಯ ಆ ಪ್ರಶ್ನೆಯನ್ನು ವರ್ಷಕ್ಕೊಮ್ಮೆಯಾದರೂ ಹಾಕುವ ಹಾಡನ್ನು ಗೀಳು ಎನ್ನುವುದು ಅನ್ಯಾಯ. ಮೇಲಾಗಿ ಅದು ಹಗೆ ಹುಟ್ಟಿಸದೆ ಕೇಳುತ್ತದೆ. 1969ರಲ್ಲಿ ಆರ್ಥರ್ ಪೆನ್ ಇದನ್ನು ಸಿನಿಮಾ ಮಾಡಿದಾಗ ಓಬನ್‌ಹೈನ್ ತಮ್ಮ ಪಾತ್ರವನ್ನು ತಾವೇ ಮಾಡಿದರು, ಹ್ಯಾನನ್ ಕೂಡ. ಬಂಧಿಸಿದ ಪೊಲೀಸನೂ ಬಂಧನಕ್ಕೊಳಗಾದ ಹುಡುಗನೂ ಕೊನೆಯವರೆಗೂ ಸ್ನೇಹಿತರಾಗಿ ಉಳಿದರು.

ಇನ್ನೆರಡು ಆಕ್ಷೇಪಗಳನ್ನು ಹಾಗೆ ತಳ್ಳಿಹಾಕಲಾಗದು. ಸೇನಾ ಭರ್ತಿಯ ಭಾಗದಲ್ಲಿ ಸಲಿಂಗಿಗಳನ್ನು ಹೀನಾಯವಾಗಿ ಕರೆಯುವ ಪದವೊಂದಿದೆ. ಆ ಕಾಲದಲ್ಲಿ ಬಾಯಿಗೆ ಸಲೀಸಾಗಿ ಬರುತ್ತಿತ್ತು ಎಂಬುದು ಇಂದು ಕೇಳಿ ನೋಯುವವರಿಗೆ ಸಮಾಧಾನವಾಗದು. ಹಾಡನ್ನು ಕತ್ತರಿಸಬೇಕೆಂದು ನಾನು ಹೇಳುವುದಿಲ್ಲ; ಹಾಕುವ ಮೊದಲು ನಿರೂಪಕ ಅದರ ಬಗ್ಗೆ ಎರಡು ನೇರ ಮಾತು ಆಡಬೇಕು. ಊರಿನ ರೇಡಿಯೊದಲ್ಲಿ ಮನುಷ್ಯ ಕೂತಿರುವುದೇ ಇದಕ್ಕಾಗಿ. ಇನ್ನೊಂದು ಆಕ್ಷೇಪ ಹಬ್ಬದ್ದೇ. ಪ್ಲಿಮತ್‌ನಲ್ಲಿ 1970ರಿಂದ ಮೂಲನಿವಾಸಿಗಳು ಈ ದಿನವನ್ನು ಶೋಕದ ದಿನವಾಗಿ ಆಚರಿಸುತ್ತಿದ್ದಾರೆ. ಅದರ ಹಿಂದಿನ ವರ್ಷ ಅವರು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಅಲ್ಕಟ್ರಾಜ್ ದ್ವೀಪವನ್ನು ಹಿಡಿದು ಕೂತಿದ್ದಾಗ, ಜಾನ್ ಟ್ರುಡೆಲ್ ಆ ದ್ವೀಪದಿಂದ ನಡೆಸಿದ ಕಾರ್ಯಕ್ರಮವನ್ನು ಬಿತ್ತರಿಸಿದ್ದೂ ಬರ್ಕ್ಲಿಯ ಒಂದು ಊರ ಸ್ಟೇಷನ್, ಕೆಪಿಎಫ್‌ಎ. ಹಬ್ಬದ ದಿನ ಗಾಳಿಯಲ್ಲಿ ಎರಡೂ ದನಿಗೆ ಜಾಗ ಇರಬೇಕು. ದೇಶಕ್ಕೆಲ್ಲ ಒಂದೇ ಪಟ್ಟಿ ಕಳಿಸುವ ಕಚೇರಿಯಿಂದ ಇಂಥ ಜಾಗ ಹುಟ್ಟುವುದಿಲ್ಲ.

ಆ ಕಚೇರಿಗಳದೇ ಇಂದು ಮೇಲುಗೈ. 1996ರವರೆಗೆ ಅಮೆರಿಕದಲ್ಲಿ ಒಂದು ಕಂಪನಿ 40ಕ್ಕಿಂತ ಹೆಚ್ಚು ರೇಡಿಯೊ ಸ್ಟೇಷನ್ ಹೊಂದುವಂತಿರಲಿಲ್ಲ. ಆ ವರ್ಷದ ದೂರಸಂಪರ್ಕ ಕಾಯ್ದೆ ದೇಶಮಟ್ಟದ ಮಿತಿಯನ್ನು ತೆಗೆದುಹಾಕಿತು. ಕೆಲವೇ ವರ್ಷಗಳಲ್ಲಿ ಕ್ಲಿಯರ್ ಚಾನೆಲ್ ಎಂಬ ಒಂದೇ ಕಂಪನಿಯ ಕೈಗೆ 1,200ಕ್ಕೂ ಹೆಚ್ಚು ಸ್ಟೇಷನ್‌ಗಳು ಸೇರಿದವು. ಎಲ್ಲೋ ಕೂತ ಒಬ್ಬರು ಮೊದಲೇ ಧ್ವನಿಮುದ್ರಿಸಿಟ್ಟ ಮಾತು ಹತ್ತು ಊರುಗಳಲ್ಲಿ ಆಯಾ ಊರಿನವರ ಮಾತಿನಂತೆ ಬರುವ ಪದ್ಧತಿ ಬೆಳೆಯಿತು. ಹೊರಗೆ ಹಿಮ ಬೀಳುತ್ತಿದೆಯೋ ಬಿಸಿಲಿದೆಯೋ ಆ ದನಿಗೆ ತಿಳಿಯದು. ಹಾಗಿದ್ದೂ ದೊಡ್ಡ ಕಂಪನಿಗಳ ಸ್ಟೇಷನ್‌ಗಳಲ್ಲೂ ಈ ಹಾಡು ನಿಂತಿಲ್ಲ ಎಂಬುದನ್ನು ನಾನು ಬಹಳ ದೊಡ್ಡ ಸಂಗತಿ ಎಂದೇ ಎಣಿಸುತ್ತೇನೆ. ಮೂರು ನಿಮಿಷದ ಲೆಕ್ಕ, ಜಾಹೀರಾತಿನ ಲೆಕ್ಕ, ಯಾವುದಕ್ಕೂ ಇದು ಕೂಡುವುದಿಲ್ಲ. ಆದರೂ ಹನ್ನೆರಡಕ್ಕೆ ಅದನ್ನು ಕಾಯುವ ಕೇಳುಗರಿದ್ದಾರೆ. ಕಾಯುವವರನ್ನು ಲೆಕ್ಕದಿಂದ ಬಿಡಲು ದೊಡ್ಡ ಕಂಪನಿಗೂ ಸುಲಭವಲ್ಲ.

ಬೇಕಾದಾಗ ಫೋನಿನಲ್ಲಿ ಕೇಳಬಹುದಲ್ಲ, ಕಾಯುವುದೇಕೆ ಎಂದು ಕೇಳಬಹುದು. ಇದಕ್ಕೆ ಉತ್ತರವನ್ನು ನಾನು ಕೋಲ್ಕತ್ತದಿಂದ ತರುತ್ತೇನೆ. ಅಲ್ಲಿನ ಆಕಾಶವಾಣಿಯಲ್ಲಿ 1931ರಿಂದ ನಡೆದುಬಂದ ‘ಮಹಿಷಾಸುರಮರ್ದಿನಿ’ ಮಹಾಲಯದ ನಸುಕಿನಲ್ಲಿ ಬರುತ್ತದೆ. ಬೀರೇಂದ್ರಕೃಷ್ಣ ಭದ್ರ ಅವರ ಚಂಡೀಪಾಠ ಕೇಳಲು ಬಂಗಾಳದ ಮನೆಗಳು ನಾಲ್ಕು ಗಂಟೆಗೆ ಏಳುತ್ತವೆ. 1976ರಲ್ಲಿ ಅದನ್ನು ತೆಗೆದು, ಮೇರುನಟ ಉತ್ತಮ್ ಕುಮಾರ್ ಅವರ ದನಿಯಲ್ಲಿ ಹೊಸ ಕಾರ್ಯಕ್ರಮ ಹಾಕಿದರು. ಜನ ಕೆರಳಿದರು, ಹಳೆಯದನ್ನೇ ಮರಳಿ ತರಬೇಕಾಯಿತು. ಅದರ ಕ್ಯಾಸೆಟ್ಟು, ಸೀಡಿ ಎಲ್ಲ ಅಂಗಡಿಯಲ್ಲಿ ಸಿಗುವ ಕಾಲ ಬಂದ ಮೇಲೂ ಮಹಾಲಯದ ನಸುಕು ಬೇರೆಯೇ. ಪಕ್ಕದ ಮನೆಯ ಕಿಟಕಿಯಿಂದಲೂ ಅದೇ ದನಿ ಬರುತ್ತಿರಬೇಕು, ಎದುರು ಮನೆಯಲ್ಲೂ ದೀಪ ಹತ್ತಿರಬೇಕು. ನಮ್ಮ ಕೈಯಲ್ಲಿರುವ ಹಾಡನ್ನು ನಾವು ನಿಲ್ಲಿಸಬಹುದು, ಓಡಿಸಬಹುದು. ರೇಡಿಯೊದ ಹಾಡು ನಮಗಾಗಿ ನಿಲ್ಲದು, ಹಾಗಾಗಿ ಅದಕ್ಕೆ ನಾವು ನಿಲ್ಲುತ್ತೇವೆ. ಸೌಟು ಹಿಡಿದು ನಿಂತ ಆ ತಾಯಿಯ ಹಾಗೆ.

ಆಲಿಸ್ ಬ್ರಾಕ್ ಅವರಿಗೆ ಈ ಹಾಡು ಬಹುಕಾಲ ಹೊರೆಯಾಗಿತ್ತು ಎಂಬುದನ್ನೂ ಹೇಳಬೇಕು. ಹಾಡಿಗೆ ಹೆಸರು ಕೊಟ್ಟ ಅವರ ಹೋಟೆಲು ನಡೆದದ್ದು ಒಂದೇ ವರ್ಷದಷ್ಟು, ಅದರ ಹೆಸರೂ ಬೇರೆ. ಹಾಡು ಮತ್ತು ಸಿನಿಮಾ ತಂದ ಹೆಸರು ಅವರ ಬದುಕಿನ ಮೇಲೆ ಬಲವಂತವಾಗಿ ಹೊದಿಸಿದಂತಿತ್ತು. ಅವರು ಚಿತ್ರ ಬರೆದರು, ಅಡುಗೆಯ ಪುಸ್ತಕ ಬರೆದರು, ಆರ್ಲೊ ಅವರ ಮಕ್ಕಳ ಪುಸ್ತಕಕ್ಕೆ ಚಿತ್ರ ಮಾಡಿಕೊಟ್ಟರು, ನಿಧಾನವಾಗಿ ಹಾಡಿನೊಂದಿಗೆ ರಾಜಿಯಾದರು. ಆ ಚರ್ಚನ್ನು ಆರ್ಲೊ 1990ರ ದಶಕದ ಆರಂಭದಲ್ಲಿ ಕೊಂಡರು. ಅದೀಗ ಗಥ್ರಿ ಸೆಂಟರ್. ಥ್ಯಾಂಕ್ಸ್‌ಗಿವಿಂಗ್ ದಿನ ಬಂದವರಿಗೆ ಅಲ್ಲಿ ಊಟ ಹಾಕುವ ರೂಢಿ ಬೆಳೆಯಿತು.

2024ರ ನವೆಂಬರ್ 21ರ ಗುರುವಾರ ಆಲಿಸ್ ತೀರಿಕೊಂಡರು, 83ನೇ ವಯಸ್ಸಿನಲ್ಲಿ. ಹಬ್ಬಕ್ಕೆ ಸರಿಯಾಗಿ ಒಂದು ವಾರ ಇತ್ತು. ಮುಂದಿನ ಗುರುವಾರ ನಾನು ಮೈಸೂರಿನ ಮನೆಯಲ್ಲಿದ್ದೆ. ರಾತ್ರಿ ಹತ್ತೂವರೆಗೆ ಫೋನ್ ಬಂತು. ಅಲ್ಲಿ ಆಗ ಹನ್ನೆರಡು. ಅಕ್ಕನ ಮಗ ಏನೂ ಮಾತಾಡಲಿಲ್ಲ, ಫೋನನ್ನು ರೇಡಿಯೊದ ಹತ್ತಿರ ಇಟ್ಟ. ಗಿಟಾರ್ ಸಣ್ಣಗೆ, ದೂರದಿಂದ ಬರುತ್ತಿತ್ತು. ಓವನ್ನಿನ ಬಾಗಿಲು ತೆಗೆದ ಸದ್ದು, ಪಾತ್ರೆಯ ಸದ್ದು. ಆ ವರ್ಷ ಅವನ ಮನೆಗೆ ಊಟಕ್ಕೆ ಬಂದಿದ್ದ, ಊರಿನಿಂದ ಹೊಸದಾಗಿ ಓದಲು ಹೋದ ಹುಡುಗರಲ್ಲಿ ಯಾರೋ ಒಬ್ಬ ಕನ್ನಡದಲ್ಲಿ, “ಅಣ್ಣ, ಈ ಆಲಿಸ್ ಅಂದ್ರೆ ಯಾರು?” ಎಂದು ಕೇಳಿದ್ದು ಕೇಳಿಸಿತು.

“ಹೇಳ್ತೀನಿ ಇರು. ಮೊದಲು ಕೇಳು.”